ಸಾಹೇಬನ ಐವತ್ತಾರನೇ ದಿನ

ಬೇಸಿಗೆ ರಜೆ ಇನ್ನೊಂದು ದಿನ ಹೆಚ್ಚಿದ್ದಿದ್ದರೆ ಗಡಿಯಾರ ರಿಪೇರಿಯವನಿಗೆ ಈ ಗತಿ ಬರುತ್ತಿರಲಿಲ್ಲ. ಐವತ್ತೈದು ದಿನ ನಾಯಿಯನ್ನು ಕಾದಿದ್ದು ಅವನ ಹೆಂಡತಿ. ಐವತ್ತಾರನೇ ದಿನ ಅವಳು ಪಾಠ ಮಾಡುವ ಶಾಲೆ ಶುರುವಾಯಿತು.

"ಇವತ್ತೊಂದು ದಿನ ನಿಮ್ಮ ಅಂಗಡೀಲಿ ಇರ್ಲಿ. ಸಂಜೆ ಆರಕ್ಕೆ ಡಾಕ್ಟ್ರ ಹತ್ರ ಕರ್ಕೊಂಡು ಬನ್ನಿ, ನಾನು ಅಲ್ಲಿಗೇ ಬರ್ತೀನಿ. ಬೇರೆ ಏನಾದ್ರೂ ಒಂದು ಚೂರು ತಿಂದ್ನೋ, ಮತ್ತೆ ಒಂದನೇ ದಿನದಿಂದ ಶುರು," ಎಂದು ಹಗ್ಗವನ್ನು ಅವನ ಕೈಗೆ ಕೊಟ್ಟು ಹೊರಟಳು.

ನಾಯಿಯ ಹೆಸರು ಸಾಹೇಬ. ಎಂಟು ವಾರದ ಹಿಂದೆ ಅದು ಕಿವಿ ಕೆರೆದು, ಪಾದ ನೆಕ್ಕಿ ಮೈಯೆಲ್ಲ ಹುಣ್ಣು ಮಾಡಿಕೊಂಡಿತ್ತು. ತಿನ್ನುವ ಯಾವುದೋ ಒಂದು ಪದಾರ್ಥ ಮೈಗೆ ಒಗ್ಗುತ್ತಿಲ್ಲ ಎಂದು ಪಶುವೈದ್ಯರಿಗೆ ಅನುಮಾನ. ಅದು ಹುಟ್ಟಿದಾಗಿನಿಂದ ತಿನ್ನದ ಎರಡೇ ಪದಾರ್ಥ ಆರಿಸಿಕೊಟ್ಟರು: ಬೇಯಿಸಿದ ಮೀನು, ಬೇಯಿಸಿದ ಸಿಹಿಗೆಣಸು. ಎಂಟು ವಾರ ಅಷ್ಟೇ. ಆಮೇಲೆ ಹಳೆಯ ಪದಾರ್ಥಗಳನ್ನು ಒಂದೊಂದಾಗಿ ಕೊಟ್ಟು ಪರೀಕ್ಷಿಸಬೇಕು.

ಮನೆಯಲ್ಲಿ ಇಲ್ಲದ್ದು ಕೆಳಗೆ ಬೀಳುವುದೂ ಇಲ್ಲ ಎಂಬುದು ಹೆಂಡತಿಯ ಲೆಕ್ಕಾಚಾರ. ಹಾಗಾಗಿ ಅಡುಗೆಮನೆಯಲ್ಲಿ ಉಳಿದದ್ದು ಮೀನು ಮತ್ತು ಸಿಹಿಗೆಣಸು ಮಾತ್ರ. ಮನುಷ್ಯರಿಗೆ ಉಪ್ಪಿನ ರಿಯಾಯಿತಿ ಇತ್ತು. ಹೊರಗೆ ತಿಂದು ಬರುವಂತಿರಲಿಲ್ಲ. ಹಾಗೆ ಬಂದವರ ಬಾಯಿ ಮೂಸಿದರೆ ಸಾಹೇಬ ತನ್ನ ಬಟ್ಟಲನ್ನು ತಿರುಗಿಯೂ ನೋಡುತ್ತಿರಲಿಲ್ಲ. ಐವತ್ತೈದು ದಿನದಲ್ಲಿ ನಾಯಿಗೆ ಹೊಸ ಕೂದಲು ಬಂತು. ಯಜಮಾನನ ಬೆಲ್ಟಿಗೆ ಎರಡು ಹೊಸ ತೂತು ಬಿದ್ದವು.

ಪರೀಕ್ಷೆಯ ಮೊದಲ ಪದಾರ್ಥ ಮೊಟ್ಟೆ. ಅಂದರೆ ನಾಳೆ ಮನೆಗೆ ಮೊಟ್ಟೆ ಬರುತ್ತದೆ. ಆ ಮೊಟ್ಟೆಗಾಗಿ ಅವನು ಇವತ್ತು ಪ್ರಾಣ ಕೊಡಲೂ ಸಿದ್ಧನಿದ್ದ.

ಹತ್ತೂ ಹತ್ತಕ್ಕೆ ಪಕ್ಕದಂಗಡಿಯ ಕ್ಷೌರಿಕ ಬಾಗಿಲಲ್ಲಿ ನಿಂತು, ಪಾಪ ಎಷ್ಟು ಬಡಕಲಾಗಿದೆ ಎಂದು ಹೇಳಿ ಬಿಸ್ಕತ್ತು ಎಸೆದ. ಗಡಿಯಾರದವನ ಒಂದು ಕೈಯಲ್ಲಿ ಚಿಮಟ, ಇನ್ನೊಂದರಲ್ಲಿ ಹಗ್ಗ. ಮೇಜಿನ ಮೇಲೆ ಬಿದ್ದ ಬಿಸ್ಕತ್ತಿನ ಕಡೆ ಸಾಹೇಬ ಜಿಗಿಯುವಷ್ಟರಲ್ಲಿ, ಅವನು ತಲೆ ಬಗ್ಗಿಸಿ ಅದನ್ನು ಬಾಯಿಂದಲೇ ಎತ್ತಿಕೊಂಡ. ಉಗುಳಿದರೆ ನಾಯಿ ನೆಕ್ಕುತ್ತದೆ. ನುಂಗಿದ. ಕಣ್ಣಲ್ಲಿ ನೀರು ಬಂತು. ಗಂಟಲಿಗೆ ಸಿಕ್ಕಿಕೊಂಡಿತೇನೋ ಎಂದು ಕ್ಷೌರಿಕ ಅಂದುಕೊಂಡ.

ಹನ್ನೊಂದೂವರೆಗೆ ಟೈಲರ್ ಅಕ್ಕ ತನ್ನ ಡಬ್ಬಿಯ ಬೇಯಿಸಿದ ಮೊಟ್ಟೆಯನ್ನು ಸಾಹೇಬನ ಮೂತಿಯ ಹತ್ತಿರ ಹಿಡಿದಳು. ಅದೂ ಯಜಮಾನನ ಹೊಟ್ಟೆಗೆ ಹೋಯಿತು. ಹನ್ನೆರಡೂಕಾಲಿಗೆ, ನಿಂತ ಗಡಿಯಾರ ತಂದಿದ್ದ ನಿವೃತ್ತ ಮೇಷ್ಟ್ರು ಒಂದು ಹಿಡಿ ಕಡಲೆಕಾಯಿ ಬೀಜವನ್ನು ನೆಲಕ್ಕೆ ಸುರಿಯಲು ಬಗ್ಗಿದರು. ಬೀಜ ನೆಲ ಮುಟ್ಟುವ ಮೊದಲೇ ಗಡಿಯಾರದವನು ಅವರ ಅಂಗೈಗೇ ಬಾಯಿ ಹಾಕಿ ಖಾಲಿ ಮಾಡಿದ.

ಇಲ್ಲಿಯವರೆಗೆ ನಡೆದದ್ದನ್ನು ಕರ್ತವ್ಯ ಎನ್ನಬಹುದು. ಮಧ್ಯಾಹ್ನ ಒಂದು ಗಂಟೆಗೆ ಸಾಹೇಬನಿಗೆ ಗಾಳಿ ಬೇಕು ಎಂದು ಅವನೇ ತೀರ್ಮಾನಿಸಿ, ಬೇಕರಿಯ ಮುಂದೆ ಮೂರು ಸಲ ಅಡ್ಡಾಡಿಸಿದ್ದಕ್ಕೆ ಆ ಮಾತು ಒಪ್ಪುವುದಿಲ್ಲ. ಮೂರನೆಯ ಸಲಕ್ಕೆ ಬೇಕರಿಯವನು ನಾಯಿಗೆಂದು ಕೇಕಿನ ಚೂರು ಕೊಟ್ಟ. ಅದರ ಬೆನ್ನಿಗೇ ಚೀಸ್ ಕೊಟ್ಟ. ಗಡಿಯಾರದವನು ಎರಡನ್ನೂ ವಿನಯದಿಂದ ಸ್ವೀಕರಿಸಿ, ಕಂಬದ ಮರೆಗೆ ಹೋದ.

ಮೂರು ಗಂಟೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿಯಾಗಿತ್ತು. ಮನೆಯಲ್ಲಿ ಊಟ ಹಾಕುತ್ತಿಲ್ಲ ಎಂದು ಒಬ್ಬರು, ತಲೆ ಕೆಟ್ಟಿದೆ ಎಂದು ಇನ್ನೊಬ್ಬರು. ಕೊನೆಗೆ ಟೈಲರ್ ಅಕ್ಕನೇ ಬಂದು ಮೆಲ್ಲಗೆ ಕೇಳಿದಳು.

"ಅಣ್ಣ, ತಪ್ಪು ತಿಳ್ಕೋಬೇಡಿ. ಹಸಿವಾದ್ರೆ ನಮ್ಮನ್ನ ಕೇಳಿ. ಮೂಕಪ್ರಾಣಿ ತುತ್ತು ಯಾಕೆ ಕಿತ್ಕೋತೀರಿ?"

ಅವನು ವೈದ್ಯರ ಪಥ್ಯವನ್ನು ವಿವರಿಸಿದ. ಎಲ್ಲರೂ ಕೇಳಿಸಿಕೊಂಡರು. ಯಾರೂ ನಂಬಲಿಲ್ಲ.

ಐದೂವರೆಗೆ ಮೂರು ಸಲ ಬಾಯಿ ಮುಕ್ಕಳಿಸಿ, ಅಂಗಿ ಕೊಡವಿಕೊಂಡು ಹೊರಟ. ಸಾಹೇಬನ ಹೊಟ್ಟೆಗೆ ಹೊರಗಿನದು ಒಂದು ಕಾಳೂ ಹೋಗಿರಲಿಲ್ಲ. ಪಶುವೈದ್ಯರು ಕಿವಿ ಮಗುಚಿ, ಬೆರಳ ಸಂದು ಬಿಡಿಸಿ, ಹೊಟ್ಟೆಯ ಚರ್ಮ ನೋಡಿ ನಕ್ಕರು.

"ಗೆದ್ರಿ. ನಾಳೆಯಿಂದ ಮೊಟ್ಟೆ ಕೊಡಿ. ಎರಡು ವಾರ ತುರಿಕೆ ಬರ್ಲಿಲ್ಲ ಅಂದ್ರೆ ಮುಂದಿನದು."

ಹೆಂಡತಿ ಗಂಡನನ್ನು ಹೆಮ್ಮೆಯಿಂದ ನೋಡಿದಳು. ನೋಡುತ್ತಲೇ ಇದ್ದಳು. ಅವನು ಕುತ್ತಿಗೆ ಕೆರೆದುಕೊಳ್ಳುತ್ತಿದ್ದ. ಪಶುವೈದ್ಯರು ಅಭ್ಯಾಸಬಲದಿಂದ ಅವನ ಕಿವಿಯನ್ನೂ ಮಗುಚಿ ನೋಡಿದರು. ಮೈಮೇಲೆಲ್ಲ ಕೆಂಪು ದದ್ದು. ತಾವು ಎರಡು ಕಾಲಿನವರನ್ನು ನೋಡುವುದಿಲ್ಲ ಎಂದು ಎದುರಿನ ಕ್ಲಿನಿಕ್ಕಿಗೆ ಕಳಿಸಿದರು.

ಅಲ್ಲಿನ ವೈದ್ಯೆ ಒಂದು ಮಾತ್ರೆ ಕೊಟ್ಟು, ಬೆಳಗಿನಿಂದ ಏನೇನು ತಿಂದಿರಿ ಎಂದು ಕೇಳಿದರು. ದದ್ದು ಗಂಟಲಿಗೂ ಇಳಿಯಬಹುದು ಎಂಬ ಭಯದಲ್ಲಿ ಅವನು ಹೆಂಡತಿಯ ಎದುರೇ ಗಂಟೆ, ನಿಮಿಷದ ಸಮೇತ ಎಲ್ಲವನ್ನೂ ಒಪ್ಪಿಸಿದ. ಬಿಸ್ಕತ್ತು, ಮೊಟ್ಟೆ, ಕಡಲೆಕಾಯಿ ಬೀಜ, ಕೇಕು, ಚೀಸ್.

"ಐದರಲ್ಲಿ ಯಾವುದು ಅಂತ ಹೇಗೆ ಹೇಳೋದು? ಸದ್ಯಕ್ಕೆ ಎಲ್ಲಾ ಬಿಡಿ," ಎಂದ ವೈದ್ಯೆ ಹೆಂಡತಿಯ ಕಡೆ ತಿರುಗಿದರು. "ಇವರಿಗೆ ಖಂಡಿತ ಒಗ್ಗುತ್ತೆ ಅಂತ ಗೊತ್ತಿರೋದು ಏನಾದ್ರೂ ಇದ್ಯಾ?"

"ಎರಡಿದೆ. ಐವತ್ತೈದು ದಿನ ತಿಂದಿದಾರೆ. ಒಂದು ಸಲಾನೂ ಕೆರ್ಕೊಂಡಿಲ್ಲ."

"ಹಾಗಾದ್ರೆ ಅಷ್ಟೇ ಕೊಡಿ. ಮೂರು ವಾರ ಸಾಕು."

"ಬೇಡ ಡಾಕ್ಟ್ರೇ, ಎಂಟೇ ಇರ್ಲಿ. ನಮಗೆ ಅಭ್ಯಾಸ ಇದೆ."

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಎರಡು ಬಟ್ಟಲು ತುಂಬಿದವು. ಮೊಟ್ಟೆ ಇದ್ದ ಬಟ್ಟಲಿನ ಕಡೆ ಗಡಿಯಾರದವನು ಒಮ್ಮೆ ನೋಡಿದ, ಅಷ್ಟೇ. ಸಾಹೇಬ ಆ ಬಟ್ಟಲನ್ನು ಮೂತಿಯಲ್ಲೇ ಅವನಿಂದ ಅರ್ಧ ಅಡಿ ಆಚೆಗೆ ತಳ್ಳಿಕೊಂಡಿತು.