ಚೆಂಡು ಬಿಂದಿಗೆಯಾದ ಪ್ರಸಂಗ

"ಬಿಂದಿಗೆ ಹೊತ್ತವಳಿಗೆ ಚೆಂಡು ಯಾವ ಲೆಕ್ಕ!"

ಈ ಮಾತನ್ನ ಆಡಿದವಳು ನಾನೇ. ಎದುರುಮನೆ ಸರೋಜಮ್ಮನ ಮುಂದೆ, ಸೊಂಟದ ಮೇಲೆ ಕೈ ಇಟ್ಟುಕೊಂಡು, ಯಡಿಯೂರಿನ ನಮ್ಮ ಬೀದಿಗೆಲ್ಲ ಕೇಳೋ ಹಾಗೆ ಆಡಿದೆ. ಆಮೇಲೆ ನಡೆದದ್ದಕ್ಕೆಲ್ಲ ಈ ಒಂದು ಮಾತೇ ಮೂಲ. ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡ್ತೀನಿ.

ನನ್ನ ಮೊಮ್ಮಗಳು ಚಂದನ ಆಗ ಪಿಯುಸಿ ಮೊದಲ ವರ್ಷ. ಅವಳ ವಿಷಯ ಶುರು ಮಾಡಿದರೆ ನನಗೆ ನಿಲ್ಲಿಸೋದಕ್ಕೆ ಬರೋದಿಲ್ಲ, ಅನ್ನ ಸೀದರೂ ಗೊತ್ತಾಗೋದಿಲ್ಲ. ಅವಳ ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಎಂಟಕ್ಕೆಲ್ಲ ಗಾರ್ಮೆಂಟ್ಸಿಗೆ ಹೊರಟುಬಿಡ್ತಾರೆ. ಹಾಗಾಗಿ ಅವಳು ಬೆಳೆದದ್ದು ನನ್ನ ಕೈಯಲ್ಲಿ, ಮತ್ತೆ ಸಿಟಿ ಬಸ್ಸು ಓಡಿಸಿ ರಿಟೈರಾದ ನಮ್ಮನೆಯವರ ಕೈಯಲ್ಲಿ.

ಆ ವರ್ಷ ಅವಳ ಕಾಲೇಜಿಗೆ ಹೊಸ ಪಿ.ಟಿ. ಮೇಡಂ ಬಂದರು. ಬಂದವರು ಹುಡುಗಿಯರಿಗೆ ಅಮೆರಿಕದವರ ಫುಟ್‌ಬಾಲ್ ಕಲಿಸಿದರು. ಹೆಸರು ಫುಟ್‌ಬಾಲು, ಆಡೋದೆಲ್ಲ ಕೈಯಲ್ಲಿ! ಚೆಂಡೂ ಗುಂಡಗಿಲ್ಲ. ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿಗೆ ಯಾರೋ ಮೇಲೆ ಹೊಲಿಗೆ ಹಾಕಿದ ಹಾಗಿತ್ತು. ಪ್ರತಿ ಹುಡುಗಿಯ ಸೊಂಟಕ್ಕೂ ಎರಡು ಬಟ್ಟೆ ಪಟ್ಟಿ ನೇತಾಡ್ತಿರುತ್ತೆ. ಚೆಂಡು ಹಿಡಿದವಳ ಪಟ್ಟಿಯನ್ನ ಎದುರಿನವರು ಕಿತ್ತರೆ ಅವಳು ಅಲ್ಲೇ ನಿಲ್ಲಬೇಕು. ಬೀಳಿಸೋದು, ತಳ್ಳೋದು ಇಲ್ಲ. ನಮ್ಮ ಚಂದನಳದು ಇದ್ದದ್ದರಲ್ಲಿ ದೊಡ್ಡ ಜವಾಬ್ದಾರಿ. ಅವಳು ಕ್ವಾರ್ಟರ್‌ಬ್ಯಾಕ್. ಚೆಂಡು ಮೊದಲು ಬರೋದು ಅವಳ ಕೈಗೆ. ಯಾರಿಗೆ ಎಸೀಬೇಕು, ಎಸೀಬೇಕೋ ಓಡಬೇಕೋ ಅಂತ ತೀರ್ಮಾನ ಮಾಡೋದೂ ಅವಳೇ.

ನಮ್ಮ ವಂಶದಲ್ಲಿ ತೀರ್ಮಾನ ಮಾಡೋ ಕೆಲಸ ಸಿಕ್ಕಿದ ಮೊದಲ ಹೆಂಗಸು ಅವಳು. ಬೀದಿಯಲ್ಲಿ ನನ್ನ ಕಾಲು ನೆಲದ ಮೇಲೆ ಇರಲಿಲ್ಲ!

ಆದರೆ ಒಂದು ಸಂಜೆ ಚಂದನ ಬ್ಯಾಗು ಬಿಸಾಕಿ ಗೋಡೆ ಕಡೆ ಮುಖ ಮಾಡಿ ಕೂತಳು. ಕಾಫಿ ಕೊಟ್ಟರೆ ಬೇಡ. ಚಕ್ಕುಲಿ ಕೊಟ್ಟರೂ ಬೇಡ. ಚಕ್ಕುಲಿ ಬೇಡ ಅಂದಳು ಅಂದರೆ ವಿಷಯ ಸಣ್ಣದಲ್ಲ.

"ಮೇಡಂ ಏನಂದ್ರು ಗೊತ್ತಾ ಅಜ್ಜಿ? 'ನಿನ್ನ ಕಾಲು ಒಂದಕ್ಕೊಂದು ಸಿಕ್ಕಾಕ್ಕೊಳ್ಳುತ್ತೆ, ಚೆಂಡು ನಿನ್ನ ಕೈಲಿ ಭದ್ರ ಇಲ್ಲ' ಅಂದ್ರು. ಇವತ್ತು ನಾಲ್ಕು ಸಲ ಬೀಳಿಸಿದೆ. ದಸರಾ ಆದ್ಮೇಲೆ ಭಾನುವಾರ ಮ್ಯಾಚು. ಅಷ್ಟರಲ್ಲಿ ಸರಿಹೋಗಲಿಲ್ಲ ಅಂದ್ರೆ ನನ್ನ ಜಾಗಕ್ಕೆ ಬೇರೆಯವರನ್ನ ಹಾಕ್ತಾರಂತೆ."

ಹೇಳಿ ಮುಗಿಸಿ ಮೂಗು ಒರೆಸಿಕೊಂಡಳು.

ನಾನು ಮೂರನೇ ಕ್ಲಾಸಲ್ಲಿದ್ದಾಗ ಬಾವಿಯಿಂದ ನೀರು ತರೋರು ಬೇಕು ಅಂತ ನನ್ನನ್ನ ಸ್ಕೂಲು ಬಿಡಿಸಿದ್ದರು. ಯಡಿಯೂರು ಆಗ ಹಳ್ಳಿ. ಕೆರೆ ಪಕ್ಕದ ಬಾವಿಯ ಚಪ್ಪಡಿ ಮೇಲೆ ಪಾಚಿ. ತಲೆ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ. ಮದುವೆಯಾಗೋ ತನಕ ಹೊತ್ತೆ, ಒಂದು ದಿನಾನೂ ಜಾರಲಿಲ್ಲ, ಒಂದು ಹನೀನೂ ಚೆಲ್ಲಲಿಲ್ಲ. ಓದು ಹೋಯ್ತು. ಆದರೆ ನಡೆಯೋದು, ಹಿಡಿಯೋದು ಈ ಎರಡು ವಿದ್ಯೆ ಉಳೀತಲ್ಲ! ಜಾಗ ಹೋಗೋ ದುಃಖ ನನಗೆ ಗೊತ್ತು. ನನ್ನ ಮೊಮ್ಮಗಳಿಗೆ ಅದು ಬೇಡ.

"ಏಳೇ ಮಗಳೇ. ನಾನಿದೀನಿ" ಅಂದೆ.

ಹೀಗೆ ನಾನು ಕೋಚ್ ಆದೆ. ಸರೋಜಮ್ಮನ ಮುಂದೆ ಆ ಬಿಂದಿಗೆ ಮಾತು ಆಡಿದ್ದೂ ಆ ಸಂಜೆಯೇ.

ಮೊದಲ ಪಾಠ ಕಾಲಿನದು. ಮಾರನೇ ದಿನ ಬೆಳಿಗ್ಗೆ ಬಾಗಿಲ ಮುಂದೆ ನೀರು ಹಾಕಿ, ಹನ್ನೊಂದು ಚುಕ್ಕಿಗೆ ಹನ್ನೊಂದು ಸಾಲು ಇಟ್ಟೆ. ಗೆರೆ ಎಳೀಲಿಲ್ಲ.

"ಚುಕ್ಕಿ ತುಳೀದೆ, ಕೆಳಗೆ ನೋಡದೆ, ಆ ಕಡೆಯಿಂದ ಈ ಕಡೆಗೆ ಬಾ."

ನಮ್ಮನೆಯವರು ಪೇಪರ್ ಮಡಿಚಿಟ್ಟು ಜಗಲಿಗೆ ಬಂದರು. "ಲೇ ಪುಟ್ಟಮ್ಮ, ಅದು ಕ್ಲಚ್ಚು ಇದ್ದ ಹಾಗೆ ಕಣೇ. ಒಂದು ಕಾಲು ಒತ್ತಿಕೊಂಡೇ ಇನ್ನೊಂದು ಕಾಲು ನಿಧಾನಕ್ಕೆ ಬಿಡಬೇಕು. ಎರಡೂ ಒಟ್ಟಿಗೆ ಬಿಟ್ರೆ ಗಾಡಿ ಎಗರುತ್ತೆ."

"ಬಸ್ಸು ಬೇರೆ, ಹುಡುಗಿ ಬೇರೆ. ನೀವು ಸುಮ್ನಿರಿ. ನಾನು ತೋರಿಸ್ತೀನಿ."

ಸೆರಗು ಸಿಕ್ಕಿಸಿಕೊಂಡೆ. ಮೊದಲ ಸಾಲು ದಾಟಿದೆ. ಎರಡನೇದೂ ದಾಟಿದೆ. ಮೂರನೇ ಸಾಲಿನಲ್ಲಿ, ಸರೋಜಮ್ಮ ನೋಡ್ತಿದ್ದಾಳಾ ಅಂತ ತಲೆ ಎತ್ತಿದೆ. ನೋಡ್ತಿದ್ದಳು. ಒದ್ದೆ ನೆಲ, ಮೇಲೆ ರಂಗೋಲಿ ಪುಡಿ. ಎರಡೂ ಕಾಲು ಒಟ್ಟಿಗೆ ಬಿಟ್ಟುಹೋದವು. ಗಾಡಿ ಎಗರಿತು!

"ಏನ್ರೀ ಪುಟ್ಟಮ್ಮನೋರೇ, ರಂಗೋಲಿ ಬಿಡೋದು ಬಿಟ್ಟು ಅದರ ಮೇಲೇ ಕೂತ್ಬಿಟ್ರಾ?" ಅಂದಳು ಸರೋಜಮ್ಮ.

ಎದ್ದಾಗ ನನ್ನ ಸೀರೆಯ ಹಿಂಭಾಗದಲ್ಲಿ ಇಪ್ಪತ್ತು ಚುಕ್ಕಿ ಇದ್ದವು. ಎಣಿಸಿದ್ದು ನಮ್ಮನೆಯವರು.

ಎರಡನೇ ಪಾಠ ಹಿಡಿತದ್ದು. "ಚೆಂಡನ್ನ ಹೂವು ಹಿಡಿದ ಹಾಗೆ ಬೆರಳಲ್ಲಿ ಹಿಡಿದ್ರೆ ಬೀಳದೆ ಇನ್ನೇನು? ಬಿಂದಿಗೆ ಥರ ತೋಳಿನ ಸಂದಿಯಲ್ಲಿ ಕೂರಿಸು. ಮೊಣಕೈ ಒಳಗೆ. ಅಂಗೈ ಅದರ ಮೂತಿ ಮೇಲೆ. ಪಕ್ಕೆಗೆ ಒತ್ತಿಕೋ" ಅಂದೆ. ಅಭ್ಯಾಸಕ್ಕೆ ತುಂಬಿದ ಬಿಂದಿಗೆಯನ್ನೇ ಕೊಟ್ಟೆ. ಮಹಡಿ ಮೆಟ್ಟಿಲು ಹತ್ತಿ ಇಳಿಯಕ್ಕೆ ಹೇಳಿದೆ. ಎರಡು ದಿನಕ್ಕೊಮ್ಮೆ ನಲ್ಲಿ ನೀರು ಬರೋ ಮನೇಲಿ ಆರು ಬಿಂದಿಗೆ ನೀರು ಮೆಟ್ಟಿಲ ಪಾಲಾಯ್ತು. ಸಾಯಂಕಾಲ ಕೆಲಸದಿಂದ ಬಂದ ಸೊಸೆ ಕಾಲು ತೊಳೆಯಕ್ಕೆ ಡ್ರಮ್ಮಿನ ಮುಚ್ಚಳ ತೆಗೆದಳು. ಒಳಗೆ ನೋಡಿದಳು. ಆಮೇಲೆ ನನ್ನನ್ನ ನೋಡಿದಳು. ಬೈದಿದ್ದರೆ ಚೆನ್ನಾಗಿರ್ತಿತ್ತು!

ಆದರೂ ಹತ್ತು ದಿನದಲ್ಲಿ ಚಂದನ ಬದಲಾದಳು. ಚುಕ್ಕಿ ಮಧ್ಯೆ ಗುಬ್ಬಚ್ಚಿ ಹಾಗೆ ಕಾಲಿಡ್ತಿದ್ದಳು. ತಾತ ಹಿಂದಿನಿಂದ ಬಿಂದಿಗೆ ಕಸಿಯಕ್ಕೆ ಹೋದರೆ ತಾತನೇ ಬರ್ತಿದ್ದರು, ಬಿಂದಿಗೆ ಬರ್ತಿರಲಿಲ್ಲ. ಮೇಡಂ ಕಾಲೇಜಲ್ಲಿ ಅವಳ ಆಟ ನೋಡಿ, ಹಬ್ಬದ ರಜೆಯಲ್ಲೂ ಅಭ್ಯಾಸ ಮಾಡಲಿ ಅಂತ ಟೀಮಿಗೆ ಇದ್ದ ಒಂದೇ ಚೆಂಡನ್ನ ಅವಳ ಕೈಗೆ ಕೊಟ್ಟು ಕಳಿಸಿದರು. ಆ ಆಕಾರದ ಚೆಂಡು ಜಯನಗರದ ಅಂಗಡಿಗಳಲ್ಲೆಲ್ಲೂ ಸಿಗ್ತಿರಲಿಲ್ಲ.

ಇಲ್ಲಿಗೆ ನಾನು ಕೈ ತೊಳೆದುಕೊಂಡಿದ್ದರೆ ಸಾಕಿತ್ತು. ಆದರೆ ಆಯುಧ ಪೂಜೆ ಬಂತಲ್ಲ!

ಆ ದಿನ ನಮ್ಮನೇಲಿ ಯಾವ ವಸ್ತುವೂ ಪೂಜೆ ತಪ್ಪಿಸಿಕೊಳ್ಳೋದಿಲ್ಲ. ಈಳಿಗೆಮಣೆ, ಮಿಕ್ಸಿ, ಸೊಸೆಯ ಕತ್ತರಿ, ನಮ್ಮನೆಯವರ ಸ್ಕೂಟರು, ಎಲ್ಲಕ್ಕೂ ಕುಂಕುಮ, ಸೇವಂತಿಗೆ. ಹಾಗಿರುವಾಗ ಮೊಮ್ಮಗಳ ಆಯುಧ ಯಾವುದು? ಚೆಂಡು! ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಹೊಲಿಗೆಯ ಸಂದಿಗೆ ಒಂದು ಹೂವು ಸಿಕ್ಕಿಸಿ, ದೇವರ ಮುಂದೆ ಕೂರಿಸಿದೆ. ಹೊಸದಾಗಿ ಬಂದವರು ನೋಡಿದ್ದರೆ ಕಳಶದ ಕಾಯಿ ಅಂತಲೇ ಕೈ ಮುಗೀತಿದ್ದರು.

ಪೂಜೆಗಿಟ್ಟ ಆಯುಧ ಮುಟ್ಟೋ ಹಾಗಿಲ್ಲ. ವಿಜಯದಶಮಿ ಸಂಜೆ ತನಕ ಅಭ್ಯಾಸ ಬಂದ್.

ಕೂತಲ್ಲೇ ನೋಡ್ತಾ ನೋಡ್ತಾ ನನಗೆ ಇನ್ನೊಂದು ಯೋಚನೆ ಬಂತು. ಚೆಂಡಿನ ಚರ್ಮ ಒಣಗಿ ಒರಟಾಗಿದೆ, ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ. ನಮ್ಮನೆಯವರ ಡ್ಯೂಟಿ ಚರ್ಮದ ಬ್ಯಾಗಿಗೆ ನಾನು ತಿಂಗಳಿಗೊಮ್ಮೆ ಹರಳೆಣ್ಣೆ ತಿಕ್ಕುತ್ತಿದ್ದೆ. ಕೊನೇ ತನಕ ಬಿರುಕು ಬಿಡಲಿಲ್ಲ. ಈ ಬಡ ಚೆಂಡಿಗೆ ಯಾರಿದ್ದಾರೆ ಪಾಪ? ಹಬ್ಬ ಬೇರೆ. ದಶಮಿ ಸಂಜೆ ಒಂದು ಸಲ, ಶನಿವಾರ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಹರಳೆಣ್ಣೆ ತಿಕ್ಕಿದೆ. ಗುಳ್ಳೆಯೊಳಗೆಲ್ಲ ಇಳಿಯೋ ಹಾಗೆ, ಹಸುಗೂಸಿಗೆ ತಿಕ್ಕೋ ಹಾಗೆ. ಆಮೇಲೆ ಮೇಲಿನ ಜಿಡ್ಡು ಒರೆಸಿ, ಮ್ಯಾಚಿನ ತನಕ ಚಂದನಳೂ ಮುಟ್ಟಬಾರದು ಅಂತ ಹೊಳೆಯೋ ಚೆಂಡನ್ನ ಚೀಲಕ್ಕೆ ಹಾಕಿಟ್ಟೆ.

ಭಾನುವಾರ ಬೆಳಿಗ್ಗೆ ಜಯನಗರದ ಆಟದ ಮೈದಾನ. ನಾನು ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಸರೋಜಮ್ಮ ನನ್ನ ಪಕ್ಕದಲ್ಲಿ, ನಮ್ಮನೆಯವರು ಛತ್ರಿ ಹಿಡಿದು ಹಿಂದೆ. ಎದುರಿನ ಕಾಲೇಜಿನವರು ತಂದಿದ್ದ ಚೆಂಡು ಗಾಳಿ ಇಳಿದು ಹಪ್ಪಳವಾಗಿತ್ತು. "ನಮ್ಮದರಲ್ಲೇ ಆಡೋಣ" ಅಂದರು ನಮ್ಮ ಮೇಡಂ.

ನಾನು ಎದೆ ಉಬ್ಬಿಸಿದೆ.

ಸೀಟಿ ಊದಿದರು. ಚೆಂಡು ಚಂದನಳ ಕೈಗೆ ಬಂತು. ಎರಡು ಹೆಜ್ಜೆ ಹಿಂದೆ ಸರಿದಳು, ಕಾಲು ಅಚ್ಚುಕಟ್ಟು. ಕೈ ಎತ್ತಿ ಎಸೆದಳು. ಕೈ ಮುಂದೆ ಹೋಯ್ತು, ಚೆಂಡು ಹಿಂದೆ ಹೋಯ್ತು!

"ಮೊದಲನೇ ಸಲ ಹಂಗೆಲ್ಲ ಆಗುತ್ತೆ" ಅಂದೆ.

ಎರಡನೇ ಸಲ ಚೆಂಡು ಸೋಪಿನ ಹಾಗೆ ಮೇಲಕ್ಕೆ ಚಿಮ್ಮಿತು. ಎದುರಿನವರ ಸರದಿ ಬಂತು. ಅವರ ಹುಡುಗಿಯ ಕೈಯಿಂದಲೂ ಜಾರಿತು, ಅದನ್ನ ಹಿಡಿಯಕ್ಕೆ ಬಂದವಳ ಕೈಯಿಂದಲೂ ಜಾರಿತು. ಮೈದಾನದ ತುಂಬ ಹುಡುಗಿಯರು ಮೀನು ಹಿಡಿಯೋ ಹಾಗೆ ಆಡ್ತಿದ್ದರು. ನೋಡೋರೆಲ್ಲ ಹೊಟ್ಟೆ ಹಿಡಿದುಕೊಂಡು ನಗ್ತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸರೋಜಮ್ಮ. ನಾನು ಮಾತ್ರ ನಗಲಿಲ್ಲ. ನನ್ನ ಮೂಗಿಗೆ, ಅಷ್ಟು ದೂರದಿಂದಲೂ, ಹರಳೆಣ್ಣೆ ವಾಸನೆ ಬರ್ತಿತ್ತು.

ಮೇಡಂ ಆಟ ನಿಲ್ಲಿಸಿ ಚೆಂಡನ್ನ ಮೂಸಿದರು.

"ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು?"

ಚಂದನ ಒಂದು ಸಲ ನನ್ನ ಕಡೆ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ನಾನೇ ಮೇಡಂ" ಅಂದಳು.

"ನೀನಾ? ಒಂದೇ ಚೆಂಡು ಇರೋದು ಅಂತ ನಿನ್ನ ನಂಬಿ ಕೊಟ್ಟಿದ್ದು. ಹೋಗು, ಹೊರಗೆ ಕೂತ್ಕೋ."

ಅವಳು ಸೊಂಟದ ಪಟ್ಟಿ ಬಿಚ್ಚಕ್ಕೆ ಕೈ ಹಾಕಿದಳು. ನನಗೆ ನನ್ನ ಸ್ಲೇಟು ಅಟ್ಟಕ್ಕೆ ಸೇರಿಸಿದ ದಿನ ಕಣ್ಣ ಮುಂದೆ ಬಂತು. ಅವತ್ತು ಯಾರೂ ನನ್ನ ಪರವಾಗಿ ಒಂದು ಮಾತು ಆಡಿರಲಿಲ್ಲ. ನಾನು ಸುತ್ತ ಕಟ್ಟಿದ್ದ ಹಗ್ಗ ದಾಟಿ ಮೈದಾನದೊಳಗೆ ನಡೆದೆ.

"ಮೇಡಂ, ಅವಳಲ್ಲ. ನಾನು. ಮೂರು ಸಲ."

"ಮೂರು ಸಲಾನಾ? ಯಾಕಜ್ಜಿ?"

"ಚರ್ಮ ಬಿರಿಯಬಾರದು ಅಂತ. ಹಬ್ಬ ಬೇರೆ ಇತ್ತು."

ಮೇಡಂ ಚೆಂಡು ನೋಡಿದರು, ಹೊಲಿಗೆ ಸಂದಿಯಲ್ಲಿ ಇನ್ನೂ ಉಳಿದಿದ್ದ ಕುಂಕುಮ ನೋಡಿದರು, ನನ್ನ ರೇಷ್ಮೆ ಸೀರೆ ನೋಡಿದರು. ಅವರ ತುಟಿ ಅಲುಗಿತು. ಆದರೆ ನಗಲಿಲ್ಲ, ದೊಡ್ಡ ಮನಸ್ಸು. "ಈಗ ಇದನ್ನ ಹೇಗೆ ತೆಗೀತೀರಿ, ಹೇಳಿ."

ಎಣ್ಣೆ ಹಚ್ಚಿದವಳಿಗೆ ತೆಗೆಯೋದು ಗೊತ್ತಿರೋದಿಲ್ಲವೇ? ನಮ್ಮನೆಯವರನ್ನ ಎದುರಿನ ಅಂಗಡಿಗೆ ಓಡಿಸಿ ಸೀಗೆಪುಡಿ ತರಿಸಿದೆ. ಮೈದಾನದ ನಲ್ಲಿ ಕೆಳಗೆ ಕುಕ್ಕರಗಾಲಲ್ಲಿ ಕೂತು ಅಮೆರಿಕದ ಚೆಂಡಿಗೆ ಎಣ್ಣೆ ಸ್ನಾನ ಮಾಡಿಸಿದೆ. ಎರಡು ಕಾಲೇಜಿನ ಹುಡುಗಿಯರು ಸುತ್ತ ನಿಂತು ನೋಡಿದರು. "ಅಜ್ಜಿ, ಕಿವಿ ಹಿಂದೆ ಸರಿಯಾಗಿ ತಿಕ್ಕಿ" ಅಂದಳು ಒಬ್ಬಳು.

ಒರೆಸಿದ್ದೂ ನನ್ನ ಸೆರಗಿನಲ್ಲೇ. ಜಿಡ್ಡು ಹೋಯ್ತು, ಆದರೆ ಒದ್ದೆ. ಮೇಡಂ ಚಂದನಳನ್ನ ಕರೆದು, "ಪಟ್ಟಿ ಕಟ್ಕೋ. ಎಸೀಬೇಡ. ಹಿಡ್ಕೊಂಡೇ ಓಡು. ಬೀಳಿಸಿದ್ರೆ ಮಾತ್ರ..." ಅಂದರು.

ಆಮೇಲೆ ನಾನು ಕಂಡದ್ದನ್ನ ಸಾಯೋ ತನಕ ಮರೆಯೋದಿಲ್ಲ. ಚೆಂಡು ಅವಳ ಕೈಗೆ ಬಂತು. ತೋಳಿನ ಸಂದಿಗೆ ಹೋಗಿ ಕೂತಿತು. ಮೊಣಕೈ ಒಳಗೆ, ಅಂಗೈ ಮೂತಿ ಮೇಲೆ. ಥೇಟು ಬಿಂದಿಗೆ! ಒಬ್ಬಳು ಪಟ್ಟಿಗೆ ಕೈ ಹಾಕಿದಳು, ಚಂದನ ಒಂದು ಚುಕ್ಕಿ ಎಡಕ್ಕೆ. ಇನ್ನೊಬ್ಬಳು ಬಂದಳು, ಎರಡು ಚುಕ್ಕಿ ಬಲಕ್ಕೆ. ಮೂರನೆಯವಳು ನೆಲಕ್ಕೆ ಬಿದ್ದು ಹುಲ್ಲು ಕಿತ್ತಳು. ಆ ಬಿಸಿಲಲ್ಲಿ, ಆ ಮೈದಾನದ ಹುಲ್ಲಿನ ಮೇಲೆ, ನನಗೆ ನನ್ನ ಹನ್ನೊಂದು ಸಾಲು ಕಾಣಿಸ್ತಿತ್ತು. ಒಂದೂ ಅಳಿಸಲಿಲ್ಲ. ಅಂಕ ಸಿಗೋ ಕೊನೇ ಗೆರೆ ದಾಟಿದಳು.

"ನನ್ನ ಮೊಮ್ಮಗಳು! ನನ್ನ ಮೊಮ್ಮಗಳು ಕಣ್ರೀ!" ಅಂತ ನಾನು ಕೂಗಿದ್ದು ಯಡಿಯೂರು ಕೆರೆಗೆ ಕೇಳಿಸಿರಬೇಕು. ನಮ್ಮನೆಯವರು ಛತ್ರಿ ಬಿಟ್ಟು ಕಣ್ಣು ಒರೆಸಿಕೊಂಡರು. "ಕ್ಲಚ್ಚು ನೋಡಿದೆಯೇನೇ?" ಅಂದರು.

ಮ್ಯಾಚು ನಾವೇ ಸೋತೆವು. ಅದು ಬೇರೆ ವಿಷಯ. ಕೊನೆಗೆ ಮೇಡಂ ಬಂದು ಚಂದನಳ ಭುಜ ತಟ್ಟಿ, "ಈ ಜಾಗ ನಿನ್ನದೇ" ಅಂದರು. ನನಗೆ ಅಷ್ಟೇ ಸಾಕಿತ್ತು.

ಫೋಟೋ ತೆಗೆಯೋ ಹೊತ್ತಿಗೆ ಹುಡುಗಿಯರು, "ಚೆಂಡು ಅಜ್ಜಿ ಕೈಲಿರಲಿ" ಅಂತ ಹಟ ಹಿಡಿದರು. ಮೇಡಂ ತಂದು ಕೊಟ್ಟರು. "ಹುಷಾರು ಅಜ್ಜಿ" ಅಂದರು.

"ಬಿಂದಿಗೆ ಹೊತ್ತವಳಮ್ಮ ನಾನು" ಅಂದೆ.

ಚೆಂಡನ್ನ ಸೊಂಟಕ್ಕೇರಿಸಿ, ತಲೆ ಎತ್ತಿ, ಸರೋಜಮ್ಮ ನೋಡ್ತಿದ್ದಾಳಾ ಅಂತ ಒಂದು ಸಲ ನೋಡಿಕೊಂಡು ಹೊರಟೆ. ನೋಡ್ತಿದ್ದಳು. ಹಗ್ಗಕ್ಕೆ ಎಡಗಾಲು ಸಿಕ್ಕಿತು, ಎಡಗಾಲಿಗೆ ಬಲಗಾಲು ಸಿಕ್ಕಿತು. ನಾನು ಹುಲ್ಲಿನ ಮೇಲೆ. ಚೆಂಡು ಉರುಳಿ ಉರುಳಿ, ಗೇಟು ದಾಟಿ, ಮೋರಿಗೆ.

ಮೇಡಂ ಬಂದು ನನ್ನ ಕೈ ಹಿಡಿದು ಎಬ್ಬಿಸಿ, ಬಹಳ ಗಂಭೀರವಾಗಿ ಹೇಳಿದರು: "ಅಜ್ಜಿ, ನಿಮ್ಮ ಕಾಲು ಒಂದಕ್ಕೊಂದು ಸಿಕ್ಕಾಕ್ಕೊಳ್ಳುತ್ತೆ. ಚೆಂಡು ನಿಮ್ಮ ಕೈಲಿ ಭದ್ರ ಇಲ್ಲ."

ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಹೊರಗೆ ಹನ್ನೊಂದು ಚುಕ್ಕಿಗೆ ಹನ್ನೊಂದು ಸಾಲು ಆಗಲೇ ಇಟ್ಟಾಗಿತ್ತು. ಚಂದನ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಬಾ ಅಜ್ಜಿ. ಕೆಳಗೆ ನೋಡಬೇಡ. ಸರೋಜಮ್ಮನ್ನೂ ನೋಡಬೇಡ."

ನಡೆದೆ. ಮೂರನೇ ಸಾಲಿಗೆ ಬರೋ ಹೊತ್ತಿಗೆ ನಾಲ್ಕು ಚುಕ್ಕಿ ಅಳಿಸಿದ್ದೆ!