ಗ್ರಂಥಾಲಯದ ಸ್ಕ್ಯಾನರಿನ ಕೀಲುಗಳು ಅಗತ್ಯಕ್ಕಿಂತ ಸಲೀಸಾಗಿ ತಿರುಗುತ್ತಿರುವ ಬಗ್ಗೆ

ಜಿಲ್ಲಾ ಸಂಸ್ಕೃತಿ ಮತ್ತು ಸರಂಜಾಮು ಇಲಾಖೆ
ಕಾರಾ-ಚಿರಾಕ್, ಕಿರ್ಗಿಜ್‌ಸ್ತಾನ

ಸಂಖ್ಯೆ: ಸಂಸ/ಕೀಲು/06 (ಕುಗ್ಗಿದ್ದು)
ದಿನಾಂಕ: ಮಾರ್ಚ್ 26

ಸುತ್ತೋಲೆ

ವಿಷಯ: ಗ್ರಂಥಪಾಲಕಿ ಜಿಪಾರ್ ಎಸೆನ್‌ಬೆಕೋವಾ ಅವರು ಮನೆಯಲ್ಲಿ ತಯಾರಿಸಿದ ಪುಸ್ತಕ ಸ್ಕ್ಯಾನರಿನ ತಿರುಗು ಕೀಲುಗಳ ನಿಯಂತ್ರಣ, ಹಾಗೂ ಸದರಿ ಯಂತ್ರವನ್ನು ಇಲಾಖೆಯ ಉಣ್ಣೆ ಗುಡಾರದ ಆರನೇ ಗೋಡೆಯೆಂದು ಪರಿಗಣಿಸುವ ಕುರಿತು.

ಉಲ್ಲೇಖ:
1. ಗುಡಾರ ನಿರ್ವಹಣಾ ನಿಯಮಗಳು, 1976 (ಮೂಲ ಪ್ರತಿಯನ್ನು ಇಲಿ ತಿಂದಿದೆ, ಸದರಿ ಯಂತ್ರದಲ್ಲಿ ತೆಗೆದ ಪ್ರತಿಯಿಂದ ಓದಲಾಗಿದೆ).
2. ಉಗ್ರಾಣಾಧಿಕಾರಿ ಕಲ್ಮುರಾತ್ ಸಾದಿಕೋವ್ ಅವರ ವರದಿ, ಮಾರ್ಚ್ 4.
3. ಮೂವರ ಸಮಿತಿಯ ವಿಚಾರಣೆ, ಮಾರ್ಚ್ 9.

ಗ್ರಂಥಾಲಯದ ನೆಲಮಾಳಿಗೆಯಲ್ಲಿರುವ ಹಳೆಯ ಜಿಲ್ಲಾ ಪತ್ರಿಕೆಯ 61 ಸಂಪುಟಗಳನ್ನು ಮಾರ್ಚ್ 31ರಂದು ಕಾಗದದ ಗಿರಣಿಗೆ ಸಾಗಿಸಿ, ತೆರವಾದ ಜಾಗವನ್ನು ಇಲಾಖೆಯ ಆಲೂಗಡ್ಡೆಗೆ ಒದಗಿಸಲು ಆದೇಶಿಸಲಾಗಿದೆ. ಸಾಮೂಹಿಕ ಬೇಸಾಯದ ಕಚೇರಿ ಸುಟ್ಟುಹೋದ ಮೇಲೆ ಯಾರು ಎಷ್ಟು ವರ್ಷ ದುಡಿದರೆಂಬುದಕ್ಕೆ ಈ ಪತ್ರಿಕೆಯಲ್ಲಿ ಅಚ್ಚಾದ ಹೆಸರುಗಳೇ ಉಳಿದಿರುವ ದಾಖಲೆಯೆಂದೂ, ಹೆಸರಿರುವ ಪುಟದ ಪ್ರತಿ ಇಲಾಖೆಯ ಮೊಹರಿನೊಂದಿಗೆ ಬಾರದಿದ್ದರೆ ಪಿಂಚಣಿ ಕಚೇರಿಯವರು ಅರ್ಜಿಯನ್ನು ಮುಟ್ಟುವುದಿಲ್ಲವೆಂದೂ ಗ್ರಂಥಪಾಲಕಿ ಮೂರು ಬಾರಿ ಬರೆದಿರುತ್ತಾರೆ. ಮೂರೂ ಪತ್ರಗಳನ್ನು ಸ್ವೀಕರಿಸಿ ದಾರ ಕಟ್ಟಿ ಇಡಲಾಗಿದೆ.

ಉತ್ತರ ಬಾರದ ಕಾರಣ ಸದರಿಯವರು ಯಂತ್ರ ಕಟ್ಟಿದರು. ಅದರಲ್ಲಿ ತೆರೆದ ಪುಸ್ತಕವನ್ನು ಎರಡು ಇಳಿಜಾರು ಹಲಗೆಗಳ ನಡುವೆ ಮಲಗಿಸಿ, ಮೇಲಿನಿಂದ ಗಾಜು ಇಳಿಸಿ ಪುಟವನ್ನು ಚಪ್ಪಟೆ ಮಾಡಿ, ಕ್ಯಾಮೆರಾದಿಂದ ಚಿತ್ರ ತೆಗೆಯಲಾಗುತ್ತದೆ. ಗಾಜನ್ನು ಹಿಡಿದಿರುವ ತೋಳುಗಳಿಗೆ ಮೊದಲು ಗೇಟಿನ ತಿರುಗಣಿ ಹಾಕಲಾಗಿತ್ತು. ಆಗ ಎತ್ತಲು ಎರಡು ಕೈ ಬೇಕಾಗಿ, ಗಾಜು ಓರೆಯಾಗಿ ಇಳಿದು 1951ರ ಸಂಪುಟದ ಪುಟವೊಂದರ ಮೂಲೆ ಹರಿಯಿತು. ಬೋಲ್ಟು ಸಡಿಲಿಸಿದಾಗ ತೋಳು ಅಲುಗಾಡಿ ಅಕ್ಷರ ಮಸುಕಾಯಿತು. ಕೊನೆಗೆ ಸದರಿಯವರು ತಮ್ಮ ಸೋದರಮಾವ, ಗುಡಾರ ಕಟ್ಟುವ ಅಸಾಂಕುಲ್ ಅವರ ಮೊರೆ ಹೋದರು. ಗುಡಾರದ ಜಾಲರಿ ಗೋಡೆಯನ್ನು ಹೆಣೆಯುವಂತೆಯೇ ಅವರು ಮರದ ಪಟ್ಟಿಗಳಿಗೆ ತೂತು ಕೊರೆದು, ನಡುವೆ ಕುರಿಯ ಗೆಣ್ಣುಮೂಳೆಯ ತೆಳು ಬಿಲ್ಲೆ ಇಟ್ಟು, ಒದ್ದೆ ತೊಗಲ ಮಿಣಿ ತೂರಿಸಿ ಗಂಟು ಹಾಕಿ, ಒಣಗಿದ ಮೇಲೆ ಕುರಿಯ ಬಾಲದ ಕೊಬ್ಬು ಸವರಿದರು. ಈಗ ಗಾಜು ಕಿರುಬೆರಳಿಗೆ ಏಳುತ್ತದೆ. ಪ್ರತಿ ಸಲವೂ ಅದೇ ಜಾಗಕ್ಕೆ ಇಳಿಯುತ್ತದೆ. ವಿಚಾರಣೆಯ ದಿನಕ್ಕೆ 48 ಸಂಪುಟ ಮುಗಿದು 13 ಉಳಿದಿದ್ದವು. ಹಾಲು ಕರೆಯುತ್ತಿದ್ದ ಬುರ್ಮಾಕಾನ್ ಎಂಬ ವೃದ್ಧೆಯ ಹೆಸರು ಉಳಿದವುಗಳ ಪೈಕಿ 1983ರ ಸಂಪುಟದಲ್ಲಿದೆ ಎನ್ನಲಾಗಿದೆ.

ಈ ನಡುವೆ, ಆರು ಜಾಲರಿ ಗೋಡೆಗಳನ್ನು ಜೋಡಿಸಿ ನಿಲ್ಲಿಸುವ ಅಧಿಕೃತ ಗುಡಾರದಲ್ಲಿ ಎಂಟು ವರ್ಷಗಳಿಂದ ಐದೇ ಗೋಡೆ ಇದ್ದು, ಕಾಣೆಯಾದ ಆರನೆಯದು ಗ್ರಂಥಾಲಯದಲ್ಲಿ ಪತ್ತೆಯಾಗಿದೆ ಎಂದು ಉಗ್ರಾಣಾಧಿಕಾರಿ ವರದಿ ಮಾಡಿದರು. ಮಾರ್ಚ್ 21ರ ನೊರೂಜ್ ಹೊಸವರ್ಷದ ಹಬ್ಬಕ್ಕೆ ಪ್ರಾಂತದ ತಪಾಸಣಾಧಿಕಾರಿ ಬರುವವರಿದ್ದರೆಂಬುದು ಕಾಕತಾಳೀಯ. ವಿಚಾರಣೆಯ ಯಥಾವತ್ ದಾಖಲೆ ಹೀಗಿದೆ:

ಕಲ್ಮುರಾತ್: "ಜಾಲರಿ ಇದೆ, ಮಿಣಿ ಇದೆ, ಗಂಟಿದೆ. ಗೋಡೆ ಅಲ್ದೆ ಇನ್ನೇನು ಸಾಹೇಬ್ರೆ?"

ಅಸಾಂಕುಲ್: "ಲೋ ಕಲ್ಮುರಾತ್, ನಾನು ಕಟ್ಟಿದ್ದ ಗೋಡೆ ಆಳೆತ್ತರ ಇತ್ತು. ಇದರ ಹಿಂದೆ ಕೋಳಿ ಕೂತ್ರೂ ಜುಟ್ಟು ಕಾಣತ್ತೆ. ನಿನ್ನ ಮಗನ ಮದುವೇಲಿ ಸೌದೆ ಸಾಲದೆ ಅದನ್ನ ಒಲೆಗೆ ಹಾಕಿದ್ದು ಊರಿಗೇ ಗೊತ್ತು. ಆ ಪಲಾವ್ ನಾನೂ ತಿಂದಿದ್ದೀನಿ."

ಜಿಪಾರ್: "ಗೋಡೆ ಅಂತಾದ್ರೂ ಬರ್ಕೊಳ್ಳಿ ಕಲ್ಮುರಾತಣ್ಣ, ಕುದುರೆ ಅಂತಾದ್ರೂ ಬರ್ಕೊಳ್ಳಿ. ಹದಿಮೂರು ಸಂಪುಟ ಮುಗಿಯೋ ತನಕ ಮುಟ್ಬೇಡಿ, ಅಷ್ಟೆ."

ಪಲಾವ್ ರುಚಿಯಾಗಿತ್ತೆಂದು ಸಮಿತಿಯ ಇಬ್ಬರು ಸದಸ್ಯರು ದೃಢಪಡಿಸಿದರು. ಎತ್ತರದ ವ್ಯತ್ಯಾಸವು ಎಂಟು ವರ್ಷ ಒಣಗಿದ್ದರಿಂದ ಆದ ಕುಗ್ಗುವಿಕೆಯೆಂದು ತೀರ್ಮಾನಿಸಿ, ಯಂತ್ರವಿರುವ ಕೋಣೆಗೆ ಬೀಗ ಹಾಕಿಸಲಾಯಿತು. ಆದುದರಿಂದ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಸದರಿ ಯಂತ್ರವನ್ನು ಇನ್ನು ಮುಂದೆ "ಆರನೇ ಗೋಡೆ (ಕುಗ್ಗಿದ್ದು)" ಎಂದೇ ನಮೂದಿಸತಕ್ಕದ್ದು.

2. ಪುಟ ತಿರುವಿದ್ದಕ್ಕೆ ವಹಿಯಲ್ಲಿ ಇಬ್ಬರ ಸಹಿ ಕಡ್ಡಾಯವಾಗಿದ್ದು, ಕೀಲಿನ ವೇಗಕ್ಕೆ ಸಹಿಯ ವೇಗ ಸಾಲುತ್ತಿಲ್ಲ. ಸಹಿ ಮಾಡುವವರನ್ನು ಚುರುಕುಗೊಳಿಸಲು ಅವಕಾಶವಿಲ್ಲದ ಕಾರಣ ಕೀಲನ್ನು ಬಿಗಿಗೊಳಿಸತಕ್ಕದ್ದು. ಎತ್ತಿ ಬಿಟ್ಟ ಗಾಜು ಕೆಳಗಿಳಿಯುವಷ್ಟರಲ್ಲಿ ಸರಾಸರಿ ನೌಕರನೊಬ್ಬ ಒಂದು ಬಟ್ಟಲು ಚಹಾ ಕುಡಿದು ಮುಗಿಸಿರಬೇಕು.

3. ಕೀಲುಗಳು ಸದ್ದು ಮಾಡದಿರುವುದರಿಂದ ಪಕ್ಕದ ಕೋಣೆಯ ಮೇಲ್ವಿಚಾರಕರಿಗೆ ಕೆಲಸ ನಡೆಯುತ್ತಿದೆಯೇ ಇಲ್ಲವೇ ತಿಳಿಯುತ್ತಿಲ್ಲ. ಕನಿಷ್ಠ ಒಂದು ಕೀಲು ಕಿರುಗುಟ್ಟತಕ್ಕದ್ದು. ಉಗ್ರಾಣದ ಬಾಗಿಲಿನ ಸದ್ದನ್ನು ಮಾದರಿಯಾಗಿ ಪರಿಗಣಿಸುವುದು.

4. ಬಾಲದ ಕೊಬ್ಬು ಆಹಾರ ಪದಾರ್ಥವಾಗಿದ್ದು, ಊಟದ ಬಿಡುವಿನಲ್ಲಿ ಮಾತ್ರ ಕೀಲುಗಳಿಗೆ ಸವರತಕ್ಕದ್ದು. ಸವರಿದವರು ಆ ದಿನ ಊಟ ಮಾಡಿದ್ದಾರೆಂದು ಭಾವಿಸಲಾಗುವುದು.

5. ಗೆಣ್ಣುಮೂಳೆಗಳು ದಾಳದಂತೆ ಎಸೆದು ಆಡುವ ಆಟದ ಸಾಮಗ್ರಿಯಾಗಿವೆ. ಕಚೇರಿ ವೇಳೆಯಲ್ಲಿ ಯಾರೂ ಗೆಲ್ಲದಂತೆ, ಎಂಟೂ ಬಿಲ್ಲೆಗಳನ್ನು ಸೋಲುವ ಮಗ್ಗುಲು ಮೇಲಾಗಿ ಕೂರಿಸತಕ್ಕದ್ದು. ಬಿಲ್ಲೆಯಾಗಿ ಕೊಯ್ದ ಮೂಳೆಗೆ ಮಗ್ಗುಲೇ ಉಳಿದಿಲ್ಲವೆಂಬ ಗ್ರಂಥಪಾಲಕಿಯ ಸಮಜಾಯಿಷಿಯನ್ನು ತಿರಸ್ಕರಿಸಲಾಗಿದೆ.

6. ಗೋಡೆಯು ಗುಡಾರದ ಭಾಗವಾದ್ದರಿಂದ ಅದರ ಮುಂದೆ ಕುಳಿತವರು ಅತಿಥಿಗಳೆಂದು ಪರಿಗಣಿತರಾಗುತ್ತಾರೆ. ಅವರಿಗೆ ಚಹಾ, ರೊಟ್ಟಿ ಕೊಡತಕ್ಕದ್ದು. ಉಲ್ಲೇಖ (1)ರ ನಿಯಮ 44ರಂತೆ, ಅತಿಥಿ ಚಹಾ ಕುಡಿಯುತ್ತಿರುವಾಗ ಗೋಡೆ ಬಿಚ್ಚತಕ್ಕದ್ದಲ್ಲ.

7. ಸದರಿ ನಿಯಮ 44ರಿಂದ ಉಂಟಾಗಿರುವ ಪರಿಸ್ಥಿತಿಯನ್ನು ಇಲಾಖೆ ಗಂಭೀರವಾಗಿ ಗಮನಿಸಿದೆ. ಮಾರ್ಚ್ 20ರ ಬೆಳಿಗ್ಗೆ ಗೋಡೆ ಸಾಗಿಸಲು ಬೀಗ ತೆಗೆಸಿ, ನಾಲ್ವರು ನೌಕರರು ಹೆಗಲ ಮೇಲೆ ಹಗ್ಗ ಹಾಕಿಕೊಂಡು ಒಳಗೆ ಹೋಗುವಷ್ಟರಲ್ಲಿ ಮೇಲ್ಕಂಡ ಬುರ್ಮಾಕಾನ್ ಅವರು ಅದರ ಮುಂದೆ, ಹಿರಿಯರ ಜಾಗದಲ್ಲಿ, ಬಟ್ಟಲು ಹಿಡಿದು ಕುಳಿತಿದ್ದರು. ಏಳಲು ಕೋರಿದಾಗ ಅವರು ನೀಡಿದ ಹೇಳಿಕೆ: "ಹದಿನೆಂಟು ವರ್ಷ ನಾಲ್ಕು ಗಂಟೆಗೆದ್ದು ಹಾಲು ಕರೆದಿದ್ದೀನಿ ಮಗಾ. ಈಗ ಕೂರೋದೇನು ಕಷ್ಟ? ಚಾ ಮುಗೀಲಿ, ಎದ್ದೇಳ್ತೀನಿ."

ಚಹಾ ಮುಗಿದಿಲ್ಲ. ಅತಿಥಿ ಇರಲೆಂದು ಬಯಸುವವರು ಬಟ್ಟಲಿಗೆ ಅರ್ಧ ಸುರಿಯುತ್ತಾರೆ, ಹೊರಡಲೆಂದು ಬಯಸುವವರು ತುಂಬಿಸುತ್ತಾರೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಗ್ರಂಥಪಾಲಕಿ ದಿನವಿಡೀ ಅರ್ಧವೇ ಸುರಿಯುತ್ತಿದ್ದು, ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯ ಕಿರುಬೆರಳಲ್ಲಿ ಗಾಜು ಎತ್ತುತ್ತಿರುವುದು ಕಂಡುಬಂದಿದೆ. ಬಟ್ಟಲು ತುಂಬುವಂತೆ ಸುರಿಯಲು ಲಿಖಿತವಾಗಿ ಸೂಚಿಸಿದಾಗ, ಉಗ್ರಾಣದಿಂದ ಬರುವ ಚಹಾಪುಡಿ ತುಂಬು ಬಟ್ಟಲಿಗೆ ಸಾಲುವುದಿಲ್ಲವೆಂದು ಲಿಖಿತವಾಗಿ ಉತ್ತರಿಸಿದ್ದಾರೆ. ಹೆಚ್ಚುವರಿ ಚಹಾಪುಡಿಯ ಪ್ರಸ್ತಾವ ಪರಿಶೀಲನೆಯಲ್ಲಿದೆ. ಅತಿಥಿ ಸಂಜೆ ಮನೆಗೆ ಹೋಗುತ್ತಾರಾದರೂ, ಕಚೇರಿ ವೇಳೆಯ ನಂತರ ಗೋಡೆ ಬಿಚ್ಚಲು ನೌಕರರಿಗೆ ಆದೇಶವಿಲ್ಲ. ಈ ಅವಧಿಯಲ್ಲಿ ಹನ್ನೊಂದು ಸಂಪುಟ ಮುಗಿದಿವೆ.

8. ನೊರೂಜ್ ದಿನ ಗುಡಾರವನ್ನು ಐದು ಗೋಡೆಗಳಲ್ಲಿ ನಿಲ್ಲಿಸಿ, ಆರನೆಯದರ ಜಾಗದಲ್ಲಿ ಉಗ್ರಾಣಾಧಿಕಾರಿಯವರೇ ಕಂಬಳಿ ಹಿಡಿದು ನಿಂತಿದ್ದರು. ತಪಾಸಣಾಧಿಕಾರಿಯವರು ಒರಗಿಕೊಳ್ಳುವವರೆಗೂ ವ್ಯವಸ್ಥೆ ತೃಪ್ತಿಕರವಾಗಿತ್ತು.

ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು. ಸೂಕ್ತ ಕ್ರಮ ಯಾವುದೆಂದು ಪ್ರತ್ಯೇಕವಾಗಿ ತಿಳಿಸಲಾಗುವುದು.

ಸಹಿ/-
(ಓದಲು ಬರುವುದಿಲ್ಲ)
ಮುಖ್ಯಸ್ಥರು

ಪ್ರತಿ:
1. ಗ್ರಂಥಪಾಲಕಿಯವರಿಗೆ, ಎರಡೂ ಕೈಯಿಂದ ಸ್ವೀಕರಿಸಲು.
2. ಉಗ್ರಾಣಾಧಿಕಾರಿಗೆ, ಕಂಬಳಿ ಹಿಂದಿರುಗಿಸುವ ಸೂಚನೆಯೊಂದಿಗೆ. ಪೆಟ್ಟಾದ ಸೊಂಟದ ಬಗ್ಗೆ ಪ್ರತ್ಯೇಕ ಅರ್ಜಿ ಸಲ್ಲಿಸುವುದು.
3. ಶ್ರೀ ಅಸಾಂಕುಲ್ ಅವರಿಗೆ, ನಿಜವಾದ ಆರನೇ ಗೋಡೆ ಕಟ್ಟಿಕೊಡಲು ಸಾಧ್ಯವೇ ಎಂದು ತಿಳಿಸಲು. (ಉತ್ತರ ಬಾಯಿಮಾತಿನಲ್ಲಿ ಬಂದಿದೆ, ದಾಖಲಿಸಲು ಯೋಗ್ಯವಾಗಿಲ್ಲ.)
4. ಗಿರಣಿಯ ಲಾರಿ ಚಾಲಕರಿಗೆ.
5. ಶ್ರೀಮತಿ ಬುರ್ಮಾಕಾನ್ ಅವರಿಗೆ, ಕುಳಿತಲ್ಲಿಗೇ.
6. ಪಿಂಚಣಿ ಕಚೇರಿಗೆ, ಮಾಹಿತಿಗಾಗಿ. ಕಡತದ ಪ್ರತಿಯಲ್ಲಿ ಆಮೇಲೆ ಸೇರಿಸಿದ ಟಿಪ್ಪಣಿ: ಇಲಾಖೆಯ ಜೆರಾಕ್ಸ್ ಯಂತ್ರ ಎರಡು ವರ್ಷದಿಂದ ಕೆಟ್ಟಿರುವುದರಿಂದ ಈ ಸುತ್ತೋಲೆಯ ಎಲ್ಲ ಪ್ರತಿಗಳನ್ನು ಆರನೇ ಗೋಡೆಯಲ್ಲೇ ತೆಗೆಸಿ, ಕಟ್ಟು ಬಂದ ಕೂಡಲೇ ಹಾಳೆಗೊಂದರಂತೆ ಮೊಹರು ಹಾಕಲಾಗಿದೆ. ಪಿಂಚಣಿ ಕಚೇರಿಗೆ ಹೋದ ಪ್ರತಿಯ ಜೊತೆಗೆ 1983ರ ಸಂಪುಟದ ಮೂರನೇ ಪುಟದ ಪ್ರತಿಯೂ ಸೇರಿದ್ದು, ಅದಕ್ಕೂ ಮೊಹರು ಬಿದ್ದಿರುವುದು ತಡವಾಗಿ ಗಮನಕ್ಕೆ ಬಂದಿದೆ. ಬಿದ್ದ ಮೊಹರನ್ನು ಹಿಂಪಡೆಯಲು ನಿಯಮಗಳಲ್ಲಿ ಅವಕಾಶವಿಲ್ಲ.