ಅತ್ತೆಯ ತಂಡಟ್ಟಿ, ಕಂಪನಿಯ ಸರ್ವಿಸ್

ತಮಿಳು ಸೀಮೆಯ ತೇನಿ ಕಡೆಯ ತೇವಾರಂ ಬಸ್ ಸ್ಟ್ಯಾಂಡಿನ ಎದುರು ಫೋಟೋ ಸ್ಟುಡಿಯೋ ಇಟ್ಟಿದ್ದ ಅಯ್ಯಾವು ಪೂರಾ ನಂಬಿದ್ದು ಎರಡನ್ನೇ. ಒಂದು ಕುಲದೇವರು, ಇನ್ನೊಂದು ತನ್ನ ಕ್ಯಾಮೆರಾ ತಯಾರಿಸಿದ ಕಂಪನಿ. (ಹೆಂಡತಿ ಪಾಂಡೀಶ್ವರಿಯನ್ನೂ ನಂಬಬಹುದಿತ್ತು. ಆದರೆ ಅವಳು ಹೇಳಿದ್ದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತಿದ್ದುದರಿಂದ ಅವನಿಗೆ ಹಿಡಿಸುತ್ತಿರಲಿಲ್ಲ.) ಪಾಪ, ದೇವರಲ್ಲೂ ತಪ್ಪಿರಲಿಲ್ಲ, ಕಂಪನಿಯಲ್ಲೂ ತಪ್ಪಿರಲಿಲ್ಲ. ಆದರೂ ಇಬ್ಬರ ನಡುವೆ ಸಿಕ್ಕಿ ಅವನು ಕಳೆದುಕೊಂಡದ್ದು ಮತ್ತೆ ಕೈಗೆ ಬರುವಂಥದ್ದಲ್ಲ.

ಆ ಕ್ಯಾಮೆರಾ ಎಂದರೆ ಸಾಮಾನ್ಯದ್ದಲ್ಲ. ದೊಡ್ಡ ದೊಡ್ಡ ಫೋಟೋಗ್ರಾಫರುಗಳು ಹಿಡಿಯುವ ಡಿಜಿಟಲ್ ಮಹಾಯಂತ್ರ. ಎದುರಿಗಿದ್ದವರ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತಿತ್ತು, ಅಯ್ಯಾವು ಗುಂಡಿ ಒತ್ತಿದರೆ ಆಯಿತು. ಅದನ್ನು ಹೆಗಲಿಗೆ ಹಾಕಿಕೊಂಡು ಮದುವೆ ಮಂಟಪಕ್ಕೆ ಹೋದರೆ ಜನ ಮದುಮಗನಿಗಿಂತ ಮೊದಲು ಇವನಿಗೆ ದಾರಿ ಬಿಡುತ್ತಿದ್ದರು.

ಕ್ಯಾಮೆರಾ ಬಂದ ಮೊದಲ ಶುಕ್ರವಾರವೇ ಅದು ಕುಲದೇವರ ಗುಡಿಗೆ ಹೋಯಿತು. ಲಾರಿಗೆ, ತಕ್ಕಡಿಗೆ, ದ್ರಾಕ್ಷಿಗೆ ಮದ್ದು ಹೊಡೆಯುವ ಮಿಷಿನ್ನಿಗೆ ಬೊಟ್ಟಿಡುವ ಊರಿನಲ್ಲಿ ಕ್ಯಾಮೆರಾಕ್ಕೆ ಮಾತ್ರ ಬೊಟ್ಟಿಡದಿದ್ದರೆ ಅದು ಏನಂದುಕೊಂಡೀತು? ಲೆನ್ಸಿನ ಮುಂದೆ ಧೂಳು ಕೂರದ ಹಾಗೆ ತಿರುಪಿ ಹಾಕುವ ಗುಂಡನೆಯ ಗಾಜೊಂದಿತ್ತು. ದಿಂಡುಗಲ್ಲಿನ ಅಂಗಡಿಯವನು ಕ್ಯಾಮೆರಾ ಚೀಲದ ಜೊತೆಗೆ ಪುಕ್ಕಟೆ ಕೊಟ್ಟದ್ದು. ಪೂಜಾರಿ ಸರಿಯಾಗಿ ಅದರ ನಟ್ಟನಡುವೆ ಗಂಧ ಹಚ್ಚಿ ಕುಂಕುಮ ಇಟ್ಟ. ಅಂದಿನಿಂದ ಆ ಪುಕ್ಕಟೆ ಗಾಜು ದೇವರ ಕಣ್ಣಾಯಿತು. ಪ್ರತಿ ಶುಕ್ರವಾರ ಅಯ್ಯಾವು ಮಿಂದು, ಗಾಜಿಗೆ ಗಂಧದ ಬೊಟ್ಟಿಟ್ಟು, ಕರ್ಪೂರ ತೋರಿಸಿ, ಆಮೇಲೆ ಪಂಚೆಯ ಜರಿ ಅಂಚಿನಲ್ಲಿ ಭಕ್ತಿಯಿಂದ ತಿಕ್ಕಿ ಒರೆಸುತ್ತಿದ್ದ.

ವರ್ಷಗಟ್ಟಲೆ ಈ ಉಪಚಾರ ನಡೆದ ಮೇಲೆ ಆಂಡಿಪಟ್ಟಿಯ ಒಂದು ಮದುವೆಯಲ್ಲಿ ಕ್ಯಾಮೆರಾ ಕೈಕೊಟ್ಟಿತು. ತಾಳಿ ಕಟ್ಟುತ್ತಿದ್ದ ಮದುಮಗ ಮಂಜಿನೊಳಗೆ ನಿಂತವನಂತೆ ಬಿದ್ದಿದ್ದ. ಅವನ ಬೆನ್ನ ಹಿಂದೆ ಚಕ್ಕುಲಿಯಂಥ ಮುರುಕು ಕಡಿಯುತ್ತಿದ್ದ ಯಾರೋ ಒಬ್ಬರು ಮಾತ್ರ ಎಷ್ಟು ನಿಚ್ಚಳವಾಗಿದ್ದರೆಂದರೆ ಮುರುಕಿನ ಎಳ್ಳು ಕೂಡ ಕಾಣುತ್ತಿತ್ತು.

"ಆಟೋಫೋಕಸ್ ಕೆಟ್ಟದೆ," ಎಂದು ಅಯ್ಯಾವು ತೀರ್ಪು ಕೊಟ್ಟ. "ಕಂಪನಿಗೇ ಕಳ್ಸಬೇಕು. ಮಾಡ್ದೋನಿಗೆ ತಾನೆ ತಿಳಿಯೋದು?"

ಕ್ಯಾಮೆರಾವನ್ನೂ ಲೆನ್ಸನ್ನೂ ಹಳೆ ಸೀರೆಯಲ್ಲಿ ಸುತ್ತಿ, ಚೆನ್ನೈಗೆ ಕೊರಿಯರ್ ಮಾಡಲು ಡಬ್ಬದಲ್ಲಿಡುವ ಮುಂಚೆ ಆ ಗಾಜನ್ನು ತಿರುಪಿ ತೆಗೆದು ಹಳದಿ ಬಟ್ಟೆಯಲ್ಲಿ ಕಟ್ಟಿದ. ಗಂಡನನ್ನು ಮಾಮಾ ಎಂದೇ ಕರೆಯುವ ಪಾಂಡೀಶ್ವರಿ ನೋಡುತ್ತಿದ್ದಳು.

"ಮಾಮಾ, ಅದನ್ಯಾಕೆ ಕಳಚ್ತೀರಿ? ಅದೂ ಕ್ಯಾಮೆರಾದ್ದೇ ತಾನೆ?"

"ಅದು ಸಾಮಿ ಕಣ್ಣು ಕಣೇ. ಕೊರಿಯರ್‌ನೋರು ಮೂಟೆ ಎಸ್ದಂಗೆ ಎಸೀತಾರೆ. ಅಲ್ಲಿ ಯಾರ್ಯಾರೋ ಎಂಜಲು ಕೈಲಿ ಮುಟ್ತಾರೆ."

"ಕಾಯಿಲೆಯೋರನ್ನ ಆಸ್ಪತ್ರಿಗೆ ಕಳ್ಸುವಾಗ ಕಣ್ಣನ್ನ ಮನೇಲಿ ಇಟ್ಕೊಂಡು ಕಳ್ಸಿದಂಗಾಯ್ತು."

"ನಿಂಗೆ ಈ ಕಸುಬು ತಿಳೀದು. ಸುಮ್ನೆ ಇರು."

ಅವಳು ಸುಮ್ಮನಿದ್ದಳು. ಆ ಮನೆಯಲ್ಲಿ ಅವಳು ಸುಮ್ಮನಿದ್ದದ್ದರಿಂದ ಆದಷ್ಟು ನಷ್ಟ ಅವಳು ಮಾತಾಡಿದ್ದರಿಂದ ಎಂದೂ ಆಗಿಲ್ಲ.

ಕ್ಯಾಮೆರಾ ತಿರುಗಿ ಬಂತು. ಒಳಗೆಲ್ಲ ಶುಚಿ ಮಾಡಿದ್ದೇವೆ, ಫೋಕಸ್ ಪರೀಕ್ಷಿಸಿದ್ದೇವೆ, ಎಲ್ಲ ಸರಿಯಾಗಿದೆ ಎಂದು ಕಂಪನಿ ಹೇಳಿಕಳಿಸಿತ್ತು. ಅಯ್ಯಾವುವಿಗೆ ತನ್ನ ಮಗಳು ಎಳಿಲ್ ಕಾಲೇಜಿನಲ್ಲಿ ಪಾಸಾದಾಗಲೂ ಅಷ್ಟು ಹೆಮ್ಮೆಯಾಗಿರಲಿಲ್ಲ. ಒಡನೆಯೇ ಗಾಜನ್ನು ತಿರುಪಿ ಹಾಕಿ, ಬೊಟ್ಟಿಟ್ಟು, ಒರೆಸಿದ.

ಅದೇ ವಾರ ಹನುಮಂತನಪಟ್ಟಿಯಿಂದ ಅತ್ತೆ ಬಂದಳು.

ವೆಳ್ಳೈಯಮ್ಮಾಳ್ ಪಾಂಡೀಶ್ವರಿಗೆ ತಾಯಿ, ಅಯ್ಯಾವುವಿಗೆ ಅಪ್ಪನ ತಂಗಿ. ಹೀಗಾಗಿ ಯಾವ ಕಡೆಯಿಂದ ನೋಡಿದರೂ ಅತ್ತೆಯೇ. ತಾಯಿಯಿಲ್ಲದ ಅಯ್ಯಾವುವನ್ನು ಸಾಕಿದವಳು ಅವಳು. ಅವಳ ಕಿವಿಯಲ್ಲಿ ಹಳೆಗಾಲದ ತಂಡಟ್ಟಿ ತೂಗುತ್ತಿತ್ತು. ಕಿವಿಯ ಹಾಲೆಯನ್ನು ಭುಜದ ತನಕ ಜಗ್ಗುವ, ಚಿನ್ನದ ಪುಟ್ಟ ಗೋಪುರದಂಥ ಒಡವೆ ಅದು. ಚಿಕ್ಕಂದಿನಲ್ಲಿ ಅಯ್ಯಾವು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದನಂತೆ. ಮದುವೆಯಾದ ಮೇಲೆ ಅವಳು ಅವನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು, ಅಳಿಯನಿಗೆ ಸಲ್ಲುವ ಮರ್ಯಾದೆಯಿಂದ "ಮಾಪ್ಳೆ" ಎನ್ನತೊಡಗಿದ್ದಳು.

"ಭಾರ ತಡಿಯಾಕಾಗಲ್ಲ ಮಾಪ್ಳೆ," ಎಂದಳು ಅತ್ತೆ. "ತೇನೀಲಿ ಡಾಕ್ಟರು ಕಿವಿ ಹೊಲಿದು ಕೊಡ್ತಾರಂತೆ. ಇದನ್ನ ಕರಗಿಸಿ ಎಳಿಲ್‌ಗೆ ಸರ ಮಾಡ್ಸುವ. ಅದಕ್ಕೂ ಮುಂಚೆ ನಂಗೊಂದು ಫೋಟೋ ಹಿಡಿ. ನಮ್ ಮುತ್ತಜ್ಜಿ ಕಿವಿ ಹಿಂಗಿತ್ತು ಅಂತ ಎಳಿಲ್ ಮಕ್ಕಳು ನೋಡ್ಲಿ."

ಅತ್ತೆ ಜನ್ಮದಲ್ಲಿ ಫೋಟೋಕ್ಕೆ ಕೂತವಳಲ್ಲ. ಆಧಾರ್ ಕಾರ್ಡಿನಲ್ಲಿ ಇದ್ದದ್ದು ತಲೆತುಂಬ ಸೆರಗು ಹೊದ್ದ ಒಂದು ಸಿಟ್ಟಿನ ಮುಖ, ಕಿವಿಯ ಸುಳಿವಿಲ್ಲ. ಮನೆಯಲ್ಲೇ ಫೋಟೋಗ್ರಾಫರ್ ಇದ್ದಾನಲ್ಲ, ಯಾವಾಗ ಬೇಕಾದರೂ ತೆಗೆಯಬಹುದು ಎಂದುಕೊಂಡು ಎಲ್ಲರೂ ಇಷ್ಟು ವರ್ಷ ಕಳೆದಿದ್ದರು.

ಎಲ್ಲರೂ ಹನುಮಂತನಪಟ್ಟಿಗೆ ಹೋಗಿ, ಅತ್ತೆಯ ತೋಟದಲ್ಲಿ ದ್ರಾಕ್ಷಿ ಚಪ್ಪರದ ಎದುರು ಕುರ್ಚಿ ಹಾಕಿದ್ದಾಯಿತು. ಅತ್ತೆ ಸೀಗೆಪುಡಿಯಲ್ಲಿ ತಂಡಟ್ಟಿ ಉಜ್ಜಿ, ಮದುವೆಗೆ ಉಡುವ ಸೀರೆ ಉಟ್ಟು, ಎರಡು ಕೈ ತೊಡೆಯ ಮೇಲಿಟ್ಟು ಕೂತಳು. ಪಾಂಡೀಶ್ವರಿ ತನ್ನ ಫೋನ್ ತೆಗೆದಳು.

"ಏ, ಒಳಗಿಡು ಅದನ್ನ," ಎಂದ ಅಯ್ಯಾವು. "ಕಂಪನಿ ಸರ್ವಿಸ್ ಆದ ಕ್ಯಾಮೆರಾ ಇಲ್ಲಿರುವಾಗ ಫೋನ್ ಫೋಟೋನಾ? ಆಚೆ ಗೊತ್ತಾದ್ರೆ ನನ್ ಮಾನ ಏನಾಗ್ಬೇಕು?"

"ಒಂದೇ ಒಂದು ಮಾಮಾ. ಇರ್ಲಿ ಅಂತ."

"ಬ್ಯಾಡ ಅಂದ್ರೆ ಬ್ಯಾಡ."

ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಯ್ಯಾವು ಮಂಡಿಯೂರಿ, ಬಗ್ಗಿ, ಮಲಗಿ, ಎಲ್ಲ ಆಸನಗಳಲ್ಲೂ ಫೋಟೋ ತೆಗೆದ. ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಎಲ್ಲವೂ ಚಂದವಾಗಿಯೇ ಕಂಡವು. ಹಿಗ್ಗಿಸಿ ನೋಡಬಹುದಿತ್ತು. ಆದರೆ ಕಂಪನಿಯವರೇ ಸರಿಮಾಡಿ ಕಳಿಸಿದ ಮೇಲೆ ಹಿಗ್ಗಿಸಿ ನೋಡುವುದು ಕಂಪನಿಯನ್ನು ಅನುಮಾನಿಸಿದ ಹಾಗೆ ಎಂದು ಅವನಿಗೆ ಅನಿಸಿತು. ಮಾರನೆಯ ದಿನ ಅತ್ತೆ ತೇನಿಗೆ ಹೋಗಿ ಕಿವಿ ಹೊಲಿಸಿಕೊಂಡಳು. ತಂಡಟ್ಟಿ ಅಕ್ಕಸಾಲಿಗನ ಕುಲುಮೆ ಸೇರಿತು.

ಆಮೇಲೆ ಅಯ್ಯಾವು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿದ.

ಹಿಂದಿನ ದ್ರಾಕ್ಷಿ ಗೊಂಚಲುಗಳು ಕಿತ್ತು ತಿನ್ನುವ ಹಾಗಿದ್ದವು. ಹಣ್ಣಿನ ಮೇಲಿನ ಬಿಳಿಪುಡಿ, ಬಳ್ಳಿಯ ಸುರುಳಿ, ಒಂದು ಇರುವೆ ಸಮೇತ. ಅವುಗಳ ಮುಂದೆ ಅತ್ತೆ ಹಾಲಿನ ಕೆನೆಯ ಹಾಗೆ ಕದಡಿ ಹೋಗಿದ್ದಳು. ಕಿವಿಗಳ ಜಾಗದಲ್ಲಿ ಎರಡು ಹಳದಿ ಮಚ್ಚೆಗಳು. ಅಯ್ಯಾವು ಒಂದಾದ ಮೇಲೊಂದು ತೆರೆದು ನೋಡಿದ. ಎಲ್ಲದರಲ್ಲೂ ದ್ರಾಕ್ಷಿ ಗೆದ್ದಿತ್ತು. ಆ ಹಳದಿ ಮಚ್ಚೆಯ ಮೇಲೆ ಬೆರಳಿಟ್ಟ. ಮುಷ್ಟಿಯಲ್ಲಿ ಹಿಡಿದು ಮಲಗಿದ್ದ ಒಡವೆ ಅದು.

ಆದರೂ ಅದರಲ್ಲೇ ಪರವಾಗಿಲ್ಲ ಎನ್ನುವಂಥದ್ದನ್ನು ದೊಡ್ಡದಾಗಿ ಪ್ರಿಂಟ್ ಹಾಕಿ, ಚೌಕಟ್ಟು ಕಟ್ಟಿಸಿ, ಹೆದರಿ ಹೆದರಿ ಅತ್ತೆಗೆ ಕೊಟ್ಟ. ಅತ್ತೆ ಅದನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

"ಸೆನ್ನಾಗದೆ ಮಾಪ್ಳೆ," ಎಂದಳು. "ಕನ್ನಡೀಲಿ ನಾನು ಹಿಂಗೇ ತಾನೆ ಕಾಣೋದು."

ಅಯ್ಯಾವುವಿಗೆ ಹೋದ ಜೀವ ಬಂತು. (ಬಂದ ಜೀವಕ್ಕೆ ನಾಚಿಕೆಯೂ ಆಯಿತು, ಆದರೆ ಬಂದದ್ದನ್ನು ಯಾರು ವಾಪಸು ಕಳಿಸುತ್ತಾರೆ?) ನಾಚಿಕೆಯನ್ನೆಲ್ಲ ಸಿಟ್ಟು ಮಾಡಿಕೊಂಡು ಕಂಪನಿಗೆ ಫೋನ್ ಹಚ್ಚಿದ. ಆ ಕಡೆಯ ಹುಡುಗಿ ತಮಿಳಿನಲ್ಲಿ ಬಲು ವಿನಯದಿಂದ ಕೇಳಿದಳು, ಲೆನ್ಸಿನ ಮುಂದೆ ಏನಾದರೂ ಹಾಕುತ್ತೀರಾ ಸಾರ್ ಎಂದು. ಏನೂ ಇಲ್ಲ ಎಂದ ಅಯ್ಯಾವು. ಅವನು ಸುಳ್ಳು ಹೇಳಲಿಲ್ಲ. ದೇವರ ಕಣ್ಣು ಕೂಡ ಲೆನ್ಸಿಗೆ ಹಾಕುವ ಒಂದು ವಸ್ತು ಎಂದು ಅವನಿಗೆ ಹೊಳೆದಿರಲೇ ಇಲ್ಲ.

ಕ್ಯಾಮೆರಾ ಇನ್ನೊಮ್ಮೆ ಚೆನ್ನೈಗೆ ಹೋಯಿತು, ಗಾಜು ಇನ್ನೊಮ್ಮೆ ಹಳದಿ ಬಟ್ಟೆ ಸೇರಿತು. ತಿರುಗಿ ಬಂದಾಗಲೂ ಅದೇ ಮಾತು, ಎಲ್ಲ ಸರಿಯಾಗಿದೆ. "ಕಂಪನಿ ಸರ್ವಿಸ್ ಅಂದ್ರೆ ಬರೀ ಮೋಸ," ಎಂದು ಅಯ್ಯಾವು ಟೀ ಅಂಗಡಿಯಲ್ಲಿ ವಾರವಿಡೀ ಭಾಷಣ ಮಾಡಿದ. ಹೊಸದಾಗಿ ಕ್ಯಾಮೆರಾ ಕೊಂಡವರಿಗೆಲ್ಲ ಕರೆದು ಕರೆದು ಬುದ್ಧಿ ಹೇಳಿದ.

ಶುಕ್ರವಾರ ಬಂತು. ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ನಿಂತು ಗಾಜಿಗೆ ಬೊಟ್ಟಿಡುವಾಗ ಗಂಧದ ಕೈ ಜಾರಿತು. ಗಾಜು ಕಲ್ಲಿಗೆ ಬಿದ್ದು ಹೋಳಾಯಿತು. ಅಯ್ಯಾವು ಕೂಗಿದ ಕೂಗಿಗೆ ಪಾಂಡೀಶ್ವರಿ ಒಗ್ಗರಣೆ ಬಿಟ್ಟು ಸೌಟು ಸಮೇತ ಓಡಿ ಬಂದಳು.

"ಸಾಮಿ ಕಣ್ಣು ಹೋಯ್ತು. ಇನ್ ಈ ಕ್ಯಾಮೆರಾದಲ್ಲಿ ಏನೂ ಬೀಳಲ್ಲ. ನಿಲ್ಲು, ನೋಡು ಬೇಕಾದ್ರೆ," ಎಂದು ಅವಳ ಕಡೆಗೇ ತಿರುಗಿಸಿ ಒಂದು ಫೋಟೋ ಹೊಡೆದ.

ಈ ಸಲ ಹಿಗ್ಗಿಸಿ ನೋಡಿದ. ಪಾಂಡೀಶ್ವರಿಯ ರೆಪ್ಪೆಗಳು ಒಂದೊಂದೂ ಬೇರೆ ಬೇರೆಯಾಗಿ ಎದ್ದು ನಿಂತಿದ್ದವು. ಕೆನ್ನೆಗೆ ಸಿಡಿದ ಸಾಸಿವೆ ಕಾಳು ಕೂಡ ನಿಚ್ಚಳ. ಅಯ್ಯಾವು ಕಲ್ಲಿನ ಮೇಲಿದ್ದ ಒಂದು ಹೋಳನ್ನು ಎತ್ತಿ ಕಣ್ಣಿಗೆ ಹಿಡಿದು ಬೆಳಕಿನ ಕಡೆ ನೋಡಿದ. ಗಂಧದ ಪಸೆ, ಜರಿಯ ಗೀರು, ಅದರಾಚೆ ಹಿತ್ತಲಿನ ತೆಂಗಿನಮರ ಹಾಲಿನ ಕೆನೆ. ಆ ಮಬ್ಬಿನಲ್ಲಿ ಎದುರಿನವರ ಕಣ್ಣು ಸಿಗದೆ ಕ್ಯಾಮೆರಾ ಹಿಂದೆ ಇದ್ದದ್ದನ್ನೇ ಹಿಡಿಯುತ್ತಿತ್ತು. ಕಂಪನಿಗೆ ಪ್ರತಿಸಲವೂ ಕಾಯಿಲೆಯನ್ನು ಮನೆಯಲ್ಲಿ ಭದ್ರವಾಗಿ ಇಟ್ಟುಕೊಂಡು ರೋಗಿಯನ್ನು ಮಾತ್ರ ಕಳಿಸಿದ್ದ.

ಪಾಂಡೀಶ್ವರಿಯೂ ಹೋಳನ್ನು ನೋಡಿದಳು, ಅವನ ಮುಖವನ್ನೂ ನೋಡಿದಳು. ಏನೋ ಅನ್ನುತ್ತಾಳೆ ಎಂದು ಅವನು ಕಾದ. ಅವಳು ಹೋಳುಗಳನ್ನು ಗುಡಿಸಿ ತೆಗೆದು, ಸೀದುಹೋದ ಒಗ್ಗರಣೆಯ ಕಡೆ ನಡೆದಳು. ಫೋಟೋದಲ್ಲಿ ಹಾಳಾದದ್ದು ಅವಳ ತಾಯಿಯ ಕಿವಿ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬೈಯುವ ಬದಲು ಊಟಕ್ಕೆ ಬಡಿಸುತ್ತ ಒಂದು ಸುದ್ದಿ ಹೇಳಿದಳು. "ಅವ್ವಂಗೆ ಕಣ್ಣು ಪೊರೆ ತೆಗ್ಸಕ್ಕೆ ಎಳಿಲ್ ಎಲ್ಲಾ ಏರ್ಪಾಡು ಮಾಡವಳೆ. ಮುಂದಿನ ತಿಂಗ್ಳು."

ಅಯ್ಯಾವುವಿನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಈ ವಯಸ್ಸಲ್ಲಿ ಆಪರೇಷನ್ ಯಾಕೆ? ಇರೋ ಕಣ್ಣು ಸೆನ್ನಾಗೇ ಅದೆ," ಎಂದ. ತಾಯಿ ಮಗಳು ಮೊಮ್ಮಗಳು ಮೂವರಲ್ಲಿ ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಪರೇಷನ್ ಆಯಿತು. ಕಪ್ಪು ಕನ್ನಡಕದ ದಿನಗಳೂ ಮುಗಿದವು. ಮಗಳ ಮನೆಗೆ ಬಂದಿದ್ದ ಅತ್ತೆ ತಾನೇ ತಂದಿದ್ದ ಆ ಚೌಕಟ್ಟನ್ನು ಚೀಲದಿಂದ ತೆಗೆದು, ಕಿಟಕಿಯ ಹತ್ತಿರ ಕೂತು ಬಹಳ ಹೊತ್ತು ನೋಡಿದಳು. ಅಯ್ಯಾವು ಬಾಗಿಲ ಬಳಿ ನಿಂತೇ ಇದ್ದ.

"ಮಾಪ್ಳೆ," ಎಂದಳು ಕೊನೆಗೆ, "ಡಾಕ್ಟರು ಸರಿಯಾಗಿ ಮಾಡ್ಲಿಲ್ಲಪ್ಪ. ಹಿಂದೆ ಇರೋ ದ್ರಾಕ್ಷಿ ಸೆನ್ನಾಗಿ ಕಾಣ್ತದೆ, ಮುಂದೆ ಇರೋ ನಾನು ಕಾಣ್ತಿಲ್ಲ. ದೂರದ್ದು ಸರಿ ಮಾಡಿ ಹತ್ರದ್ದು ಬಿಟ್ಟವ್ರೆ. ನೀನು ಹಿಡಿದ ಫೋಟೋದಲ್ಲಿ ತಪ್ಪಿರಾಕಿಲ್ಲ. ಇನ್ನೊಂದ್ ಸಲ ಕರ್ಕೊಂಡ್ ಹೋಗು."

ಅಡುಗೆಮನೆಯಿಂದ ಪಾಂಡೀಶ್ವರಿಯ ದನಿ ಬಂತು. "ಕರ್ಕೊಂಡ್ ಹೋಗಿ ಮಾಮಾ. ಕಳ್ಸೋಕೆ ಮುಂಚೆ ಏನಾದ್ರೂ ಕಳಚಿ ಇಟ್ಕೊಳ್ಳೋದಿದ್ರೆ ಇಟ್ಕೊಂಡ್ಬುಡಿ."

ಅಯ್ಯಾವು ಅತ್ತೆಯ ಕಾಲ ಹತ್ತಿರ ನೆಲದ ಮೇಲೆ ಕೂತ. "ಕಣ್ಣು ಸರಿಯಾಗೇ ಅದೆ ಅತ್ತೆ," ಎಂದ. "ಫೋಟೋನೇ ಹಂಗದೆ. ನಾನೇ ಕೆಡಿಸ್ಬುಟ್ಟೆ."

ಅತ್ತೆಯ ಕೈ ತಾನಾಗಿ ಕಿವಿಗೆ ಹೋಗಿ, ಮೊದಲು ಒಡವೆ ತೂಗುತ್ತಿದ್ದ ಕಡೆ ಬರೀ ಗಾಳಿಯನ್ನು ಮುಟ್ಟಿ, ಮೇಲೆ ಸರಿದು ಹೊಲಿಗೆಯ ಗುರುತಿನ ಮೇಲೆ ನಿಂತಿತು. ಇನ್ನೊಂದು ಕೈ ಚೌಕಟ್ಟನ್ನು ಮತ್ತೆ ಬೆಳಕಿಗೆ ತಿರುಗಿಸಿತು.

"ಇರ್ಲಿ ಬಿಡು ಅಯ್ಯಾವು," ಎಂದಳು. ಮದುವೆಯಾದಂದಿನಿಂದ ಅವಳ ಬಾಯಲ್ಲಿ ಕೇಳದಿದ್ದ ಹೆಸರು ಅದು. "ದ್ರಾಕ್ಷಿ ಸೆನ್ನಾಗಿ ಬಿದ್ದದೆ."